ಸಾವಿರ ರೂಪಾಯಿಯ ಮೇಲೆಯೇ ಯಾಕೆ ಕಣ್ಣು?

ಕಳೆದ ಸಲ ಊರಿಗೆ ಹೋದಾಗ ಬಾಪನ ಅಂಗಡಿಯಲ್ಲಿ ಬಜೆಟ್ ಬಗ್ಗೆ ದೊಡ್ಡ ಚರ್ಚೆ. "ನಿಮ್ಮ ತಮಿಳುನಾಡಲ್ಲೂ ಹೆಂಗಸರಿಗೆ ಪುಕ್ಕಟೆ ದುಡ್ಡು ಹಂಚುತ್ತಾರಂತಲ್ಲ, ಹೀಗಾದರೆ ಸರಕಾರ ಉಳಿಯುವುದುಂಟಾ?" ಎಂದು ಒಬ್ಬರು ನನ್ನನ್ನೇ ಕೇಳಿದರು, ಹಂಚಿದ್ದು ನಾನೇ ಎಂಬ ಹಾಗೆ. ಅಲ್ಲಿದ್ದವರೆಲ್ಲ ವ್ಯಾಪಾರಸ್ಥರು, ಎಲ್ಲರೂ ತಲೆಯಾಡಿಸಿದರು. ಬಾಪನೂ ತಲೆಯಾಡಿಸಿದರು. ಹಿರಿಯರ ಎದುರು ನಾನು ಹೆಚ್ಚು ಮಾತಾಡಲಿಲ್ಲ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕಿ ಬಂದದ್ದು ಕೊಯಮತ್ತೂರಿಗೆ. ನಮಗೆ ಈ ಕಡೆ ಹೊಸದೇನಲ್ಲ. ಬಾಪನ ಅಂಗಡಿಯ ಬನಿಯನ್, ಚಡ್ಡಿ, ಮಕ್ಕಳ ಟೀ ಶರ್ಟು ತಿರುಪ್ಪೂರಿನ ಖಾದರ್‌ಪೇಟೆಯಿಂದ ಬರುವ ಮಾಲು. ಉಮ್ಮ ಪತ್ತಿರಿಗೆ ಅಕ್ಕಿ ಅರೆಯುವ ಗ್ರೈಂಡರ್ ಕೊಯಮತ್ತೂರಿನದ್ದು. ಈ ಎರಡು ಜಿಲ್ಲೆಗಳಲ್ಲಿ ಯಂತ್ರ ನಿಂತರೆ ಅದರ ಬಿಸಿ ನಮ್ಮ ಮನೆಗೂ ತಟ್ಟುತ್ತದೆ. ಹಾಗಾಗಿ ಇಲ್ಲಿನ ಬಜೆಟ್ ನಮಗೂ ಸಂಬಂಧಪಟ್ಟದ್ದೇ.

ಮೊದಲು ಸಾವಿರ ರೂಪಾಯಿಯ ಲೆಕ್ಕ. 2025ರ ಮಾರ್ಚ್ 14ರಂದು ಹಣಕಾಸು ಸಚಿವ ತಂಗಂ ತೆನ್ನರಸು ಮಂಡಿಸಿದ ಬಜೆಟ್‌ನಲ್ಲಿ ಮಗಳಿರ್ ಉರಿಮೈ ತೊಗೈ ಯೋಜನೆಗೆ ಇಟ್ಟದ್ದು 13,807 ಕೋಟಿ ರೂ. ಸುಮಾರು 1.15 ಕೋಟಿ ಹೆಂಗಸರಿಗೆ ತಿಂಗಳಿಗೆ ಸಾವಿರದಂತೆ. ಹೆಸರಿನಲ್ಲೇ 'ಉರಿಮೈ' ಎಂದಿದೆ, ಎಂದರೆ ಹಕ್ಕು. ಇನ್ನೊಂದು ಕಡೆ, ಸರಕಾರದ ಸಾರಾಯಿ ಅಂಗಡಿ ಟಾಸ್ಮಾಕ್‌ನಿಂದ 2024-25ರಲ್ಲಿ ಖಜಾನೆಗೆ ಬಂದದ್ದು 48,344 ಕೋಟಿ. ಗಂಡನ ಕೂಲಿಯಿಂದ ಬಾಟಲಿಯ ಮೂಲಕ ನಲ್ವತ್ತೆಂಟು ಸಾವಿರ ಕೋಟಿ ಎತ್ತಿಕೊಂಡು, ಹೆಂಡತಿಯ ಕೈಗೆ ಅದರ ಮೂರನೇ ಒಂದು ಪಾಲನ್ನೂ ವಾಪಸು ಕೊಡದ ಸರಕಾರ ಇದು. ಇದರಲ್ಲಿ ಪುಕ್ಕಟೆ ಪಡೆದವರು ಯಾರು? ಹಲಾಲ್ ಹರಾಂ ಬಗ್ಗೆ ಅಷ್ಟು ಮಾತಾಡುವ ನಾವು ಆ ಹೆಂಡತಿಯನ್ನು ಭಿಕ್ಷುಕಿಯ ಹಾಗೆ ನೋಡುವುದು ಯಾವ ನ್ಯಾಯ?

ಬೇರೆ ಖರ್ಚಿನ ಬಗ್ಗೆ ನಮ್ಮವರು ಕೇಳುವುದೇ ಇಲ್ಲ. 2025ರ ಅಕ್ಟೋಬರ್ 9ರಂದು ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಜಿ.ಡಿ. ನಾಯ್ಡು ಹೆಸರಿನ ಮೇಲ್ಸೇತುವೆ ಉದ್ಘಾಟನೆಯಾಯಿತು. ಉದ್ದ 10.1 ಕಿ.ಮೀ., ಖರ್ಚು 1,791 ಕೋಟಿ. ಕೆಲಸ ಶುರುವಾದದ್ದು 2020ರ ಕೊನೆಗೆ, ಐದು ವರ್ಷದೊಳಗೆ ಮುಗಿಯಿತು. ಒಳ್ಳೆಯದೇ, ನಾನೂ ಅದರ ಮೇಲೆ ಹೋಗುತ್ತೇನೆ.

ಈಗ ಇನ್ನೊಂದನ್ನು ನೋಡಿ. ಅತ್ತಿಕಡವು-ಅವಿನಾಶಿ ನೀರಿನ ಯೋಜನೆ. ಭವಾನಿ ನದಿಯ ಹೆಚ್ಚುವರಿ ಒಂದೂವರೆ ಟಿಎಂಸಿ ನೀರನ್ನು ಪಂಪ್ ಮಾಡಿ ಈರೋಡ್, ತಿರುಪ್ಪೂರು, ಕೊಯಮತ್ತೂರು ಜಿಲ್ಲೆಗಳ 1,045 ಕೆರೆಕುಂಟೆಗಳಿಗೆ ತುಂಬಿಸುವುದು. ಖರ್ಚು 1,916 ಕೋಟಿ. ಮೇಲ್ಸೇತುವೆಗಿಂತ ಬರೀ 125 ಕೋಟಿ ಜಾಸ್ತಿ. ಆದರೆ ಇದಕ್ಕೆ ಜನ ಕಾದದ್ದು ಅರ್ಧ ಶತಮಾನಕ್ಕೂ ಹೆಚ್ಚು. ಅಡಿಗಲ್ಲು ಬಿದ್ದದ್ದು 2019ರಲ್ಲಿ, ನೀರು ಹರಿದದ್ದು 2024ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಎಷ್ಟೋ ರೈತರ ಬೋರ್‌ವೆಲ್ ಬತ್ತಿತು, ಎಷ್ಟೋ ಮಂದಿ ಹೊಲ ಬಿಟ್ಟು ಬನಿಯನ್ ಕಂಪೆನಿಗೆ ಸೇರಿದರು. ಕಟ್ಟುವುದಕ್ಕೆ ಎರಡಕ್ಕೂ ಸರಿಸುಮಾರು ಐದೇ ವರ್ಷ ಹಿಡಿಯಿತು. ಹೆಚ್ಚು ಕಡಿಮೆ ಅಷ್ಟೇ ಹಣ, ಅಷ್ಟೇ ಕಾಲ. ಉಳಿದ ವರ್ಷಗಳೆಲ್ಲ ಹೋದದ್ದು ಆದ್ಯತೆಯ ಪಟ್ಟಿಯ ಕೆಳಗೆ ಬಿದ್ದು.

ಇವತ್ತು ಆ ಪಟ್ಟಿಯ ಕೆಳಗೆ ಇರುವುದು ಸಣ್ಣ ವರ್ಕ್‌ಶಾಪ್‌ಗಳು. 2022ರ ಸೆಪ್ಟೆಂಬರ್‌ನ ವಿದ್ಯುತ್ ದರ ಏರಿಕೆಯಲ್ಲಿ, 50 ಕಿಲೋವಾಟ್ ಮೀರಿದ ಸಣ್ಣ ಉದ್ದಿಮೆಗಳ ನಿಗದಿತ ಶುಲ್ಕ ಕಿಲೋವಾಟ್‌ಗೆ 35 ರೂಪಾಯಿಂದ 150ಕ್ಕೆ ಹೋಯಿತು. ನೂರು ಕಿಲೋವಾಟಿನ ಒಂದು ಘಟಕ ಎಂದಿಟ್ಟುಕೊಳ್ಳಿ. ತಿಂಗಳಿಗೆ 3,500 ಇದ್ದದ್ದು 15,000. ಇದು ಉರಿಸಿದ ಕರೆಂಟಿನ ಬಿಲ್ಲಲ್ಲ, ಯಂತ್ರ ತಿರುಗಿದರೂ ನಿಂತರೂ ಕಟ್ಟಬೇಕಾದ ಹಣ. ಹೋಟೆಲಿನಲ್ಲಿ ಊಟ ಮಾಡದಿದ್ದರೂ ಕುಳಿತ ಕುರ್ಚಿಗೆ ಬಾಡಿಗೆ ಕೊಟ್ಟ ಹಾಗೆ. 2023ರ ಸೆಪ್ಟೆಂಬರ್ 25ರಂದು ಸಣ್ಣ ಉದ್ದಿಮೆಯವರು ಒಂದು ದಿನ ಬಾಗಿಲು ಹಾಕಿ ಪ್ರತಿಭಟಿಸಿದರು. ಆಮೇಲೆ ಅಲ್ಪಸ್ವಲ್ಪ ರಿಯಾಯಿತಿ ಸಿಕ್ಕಿತು, ನಿಗದಿತ ಶುಲ್ಕ ಮಾತ್ರ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಮಾಲಿಗೆ ಶೇ. 50 ಸುಂಕ ಹಾಕಿದಾಗ ತಿರುಪ್ಪೂರಿನ ಆರ್ಡರ್ ಬಿತ್ತು. ಮೀಟರ್ ನಿಧಾನವಾಯಿತು, ನಿಗದಿತ ಶುಲ್ಕ ನಿಧಾನವಾಗಲಿಲ್ಲ.

ದರ ನಿಗದಿ ಮಾಡುವುದು ಆಯೋಗ, ಬಜೆಟ್ ಅಲ್ಲ ಎಂದು ಯಾರಾದರೂ ಹೇಳಬಹುದು. ವಿದ್ಯುತ್ ನಿಗಮ ನಷ್ಟದಲ್ಲಿದೆ ಎಂಬುದೂ ನಿಜ. ಆದರೆ ಪವರ್‌ಲೂಮ್‌ನವರಿಗೆ ಎರಡು ತಿಂಗಳಿಗೆ ಸಾವಿರ ಯೂನಿಟ್ ಉಚಿತ ಕೊಡುತ್ತಿರುವುದು ಇದೇ ಸರಕಾರವೇ, ಸಬ್ಸಿಡಿ ಕೊಟ್ಟು. ಅದು ಸರಿ. ಹಾಗಿದ್ದರೆ ಎರಡು ಲೇತ್ ಇಟ್ಟುಕೊಂಡು ನಾಲ್ಕು ಹುಡುಗರಿಗೆ ಸಂಬಳ ಕೊಡುವವನ ನಿಗದಿತ ಶುಲ್ಕದ ಒಂದು ಪಾಲನ್ನು ಬಜೆಟ್ ಹೊರಲು ಸಾಧ್ಯವಿಲ್ಲವೇ? ಸಾಧ್ಯವಿದೆ. ಅದಕ್ಕೆ ರಿಬ್ಬನ್ ಕತ್ತರಿಸುವ ಕಾರ್ಯಕ್ರಮ ಇಲ್ಲ, ಅಷ್ಟೇ. ಜಿ.ಡಿ. ನಾಯ್ಡು ಮೋಟಾರ್ ತಯಾರಿಸಿದ, ಹುಡುಗರಿಗೆ ತಾಂತ್ರಿಕ ಶಿಕ್ಷಣ ಕೊಡಿಸಿದ ಮನುಷ್ಯ. ಅವರ ಹೆಸರನ್ನು ಸೇತುವೆಗೆ ಇಟ್ಟು, ಮೋಟಾರ್ ಮಾಡುವವರಿಗೆ ಬಿಲ್ ಕಳಿಸಿದರೆ ಅದು ಗೌರವವಾಗುವುದಿಲ್ಲ.

ಕೊನೆಗೆ ಬಾಪನಿಗೆ ಒಂದು ಮಾತು. ಊರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಬಂದ ವಾರ ನಿಮ್ಮ ಸಾಲದ ಪುಸ್ತಕ ತೆರೆದು ನೋಡಿ. ಹಳೆ ಬಾಕಿ ಕೊಟ್ಟವರು ಯಾರು? ಮಕ್ಕಳಿಗೆ ಬನಿಯನ್ ಕೊಂಡವರು ಯಾರು? ಆ ಹಣ ನಿಮ್ಮ ಗಲ್ಲಾ ಪೆಟ್ಟಿಗೆಗೆ ಬಂದು, ಅಲ್ಲಿಂದ ಖಾದರ್‌ಪೇಟೆಗೆ ಹೋಗಿ, ತಿರುಪ್ಪೂರಿನ ಹೊಲಿಗೆ ಯಂತ್ರವನ್ನು ತಿರುಗಿಸುತ್ತದೆ. ಹಾಗಾಗಿ ಮುಂದಿನ ಬಜೆಟ್ ಬಂದಾಗ ಹೆಂಗಸರಿಗೆ ಎಷ್ಟು ಕೊಟ್ಟರು ಎಂದಷ್ಟೇ ಕೇಳಬೇಡಿ. ಕೆರೆಗೆ ಎಷ್ಟು, ಯಂತ್ರಕ್ಕೆ ಎಷ್ಟು, ಯಾವುದನ್ನು ಮತ್ತೆ ಕಾಯಿಸಿದರು ಎಂದು ಕೇಳಿ. ಆಗ ನಾನೂ ನಿಮ್ಮ ಜೊತೆ ಕೂತು ತಲೆಯಾಡಿಸುತ್ತೇನೆ.