ಉಳಿದ ಕಲ್ಲು, ಅಳಿದ ಊರು

ಪ್ರಾಚೀನ ನಗರವೊಂದರ ಅವಶೇಷಗಳನ್ನು ನೋಡಲು ಹೋದ ಪ್ರವಾಸಿಗೆ ಗತಕಾಲದ ಬಗ್ಗೆ ಎಷ್ಟು ನಿಜವಾದ ತಿಳಿವಳಿಕೆ ದಕ್ಕುತ್ತದೆ ಎಂಬುದು ಅವನ ಓದು, ಆಸಕ್ತಿಗಳನ್ನು ಮಾತ್ರ ಅವಲಂಬಿಸಿಲ್ಲ. ಯಾವ ಸಾಮಗ್ರಿ ಕಾಲವನ್ನು ತಾಳಿಕೊಂಡಿತು, ಯಾವುದು ತಾಳಲಿಲ್ಲ ಎಂಬುದು ಅವನ ನೋಟದ ಎಲ್ಲೆಯನ್ನು ಅವನು ಬರುವ ಮೊದಲೇ ಗೊತ್ತುಮಾಡಿರುತ್ತದೆ. ವಿಜಯನಗರದ ರಾಜಧಾನಿಯಾಗಿದ್ದ ಹಂಪಿ ಇದಕ್ಕೆ ಸ್ಪಷ್ಟ ನಿದರ್ಶನ.

ಹಂಪಿಯ ದೇವಾಲಯಗಳನ್ನು ಬಹುಮಟ್ಟಿಗೆ ಅಲ್ಲಿನ ಬಂಡೆಗಳನ್ನೇ ಸೀಳಿ ತೆಗೆದ ಕಣಶಿಲೆಯಿಂದ, ಅಂದರೆ ಗ್ರಾನೈಟಿನಿಂದ, ಕಟ್ಟಲಾಯಿತು. ಅರಮನೆಗಳಲ್ಲಾದರೋ ಜಗತಿ, ಎಂದರೆ ಕಟ್ಟಡವನ್ನು ಹೊರುವ ಎತ್ತರದ ಕಟ್ಟೆ, ಮಾತ್ರ ಕಲ್ಲಿನದಾಗಿದ್ದು, ಅದರ ಮೇಲಿನ ಕಂಬ, ಗೋಡೆ, ಚಾವಣಿಗಳಿಗೆ ಮರ, ಇಟ್ಟಿಗೆ, ಗಾರೆಗಳನ್ನು ಬಳಸಲಾಗಿತ್ತು. 1565ರ ತಾಳಿಕೋಟೆ ಯುದ್ಧದ ಸೋಲಿನ ನಂತರ ನಗರ ಲೂಟಿಗೂ ಬೆಂಕಿಗೂ ಗುರಿಯಾದಾಗ ಜಗತಿಗಳು ಉಳಿದವು, ಅವುಗಳ ಮೇಲಿದ್ದುದು ಉಳಿಯಲಿಲ್ಲ. 1443ರಲ್ಲಿ ಇಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಮಹಾನವಮಿ ಉತ್ಸವದಲ್ಲಿ ಚಿತ್ರಗಳಿಂದ ಅಲಂಕೃತವಾದ, ಹಲವು ಅಂತಸ್ತಿನ ಮಂಟಪಗಳನ್ನು ವರ್ಣಿಸಿದ್ದಾನೆ. ಇಂದಿನ ಪ್ರವಾಸಿಗೆ ಕಾಣುವುದು ಬಯಲಿಗೆ ತೆರೆದುಕೊಂಡ ಮಹಾನವಮಿ ದಿಬ್ಬ. ಹೀಗೆ ಗುಡಿಗಳು ನಿಂತು ಮನೆ, ಅರಮನೆಗಳು ಅಳಿದ ಕಾರಣ, ವ್ಯಾಪಾರ, ಸೈನ್ಯ, ಆಡಳಿತಗಳಿಂದ ಗಿಜಿಗುಡುತ್ತಿದ್ದ ರಾಜಧಾನಿಯು ಬರಿಯ ದೇವಾಲಯಗಳ ಊರಾಗಿತ್ತೆಂಬ ತಪ್ಪುಕಲ್ಪನೆ ಸುಲಭವಾಗಿ ಹುಟ್ಟುತ್ತದೆ.

ಉಳಿದುದೂ ಮೂಲರೂಪದಲ್ಲಿಯೇ ಉಳಿದಿದೆ ಎನ್ನುವಂತಿಲ್ಲ. ಐವತ್ತು ರೂಪಾಯಿ ನೋಟಿನ ಮೇಲೆ ಅಚ್ಚಾಗಿ ನಾಡಿನ ಗುರುತೇ ಆಗಿರುವ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥವು ವಾಸ್ತವದಲ್ಲಿ ಗರುಡನ ಗುಡಿ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಇದರ ಮೇಲೆ ಇಟ್ಟಿಗೆಯ ಶಿಖರವಿದೆ. ಆ ಶಿಖರ ಈಗ ಇಲ್ಲ. ಪರಿಪೂರ್ಣ ಶಿಲ್ಪವೆಂದು ಪ್ರವಾಸಿ ಮೆಚ್ಚುವ ಆಕೃತಿ, ಆದ್ದರಿಂದ, ಹತ್ತೊಂಬತ್ತನೆಯ ಶತಮಾನದ ನಡುಭಾಗದ ಅನಂತರ ರೂಪುಗೊಂಡದ್ದು. ನಗರದ ಅಳಿವು ಒಂದು ಯುದ್ಧದೊಂದಿಗೆ ಆರಂಭವಾಗಿ ಅಲ್ಲಿಗೇ ಮುಗಿಯಿತೆಂಬ ನಂಬಿಕೆಯನ್ನು ಈ ಒಂದು ಛಾಯಾಚಿತ್ರವೇ ಅಲುಗಿಸುತ್ತದೆ.

ಇನ್ನೊಂದೆಡೆ, ಅಳಿಯದೆ ಉಳಿದದ್ದನ್ನು ಪ್ರವಾಸಿಯ ಕಣ್ಣು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಹರಿಸಿದ ವಿಜಯನಗರ ಕಾಲದ ತುರ್ತಾ ಕಾಲುವೆ ಇಂದಿಗೂ ಅಲ್ಲಿನ ಗದ್ದೆ, ಬಾಳೆತೋಟಗಳಿಗೆ ನೀರುಣಿಸುತ್ತಿದೆ. ಸಾಮ್ರಾಜ್ಯದ ಲೋಕೋಪಯೋಗಿ ವಿವೇಕಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಅಪರೂಪವಾದರೂ, ಮುರಿಯದೆ ಕೆಲಸ ಮಾಡುತ್ತಿರುವ ಕಾರಣಕ್ಕಾಗಿಯೇ ಅದು ‘ಸ್ಮಾರಕ’ವಾಗಿ ತೋರುವುದಿಲ್ಲ. ಪೂಜೆ ನಡೆಯುತ್ತಿರುವ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು 2011ರಲ್ಲಿ ತೆರವುಗೊಳಿಸಿದ್ದರ ಹಿಂದೆಯೂ, ಜನರಿಲ್ಲದ ಕಲ್ಲೇ ಶುದ್ಧ ಇತಿಹಾಸವೆಂಬ ಭಾವನೆಯ ನೆರಳನ್ನು ಕಾಣಬಹುದು. ಮಂಟಪಗಳಿಗೆ ಆಗುತ್ತಿದ್ದ ಹಾನಿ ನಿಜವಾದ ಚಿಂತೆಯೇ ಆಗಿದ್ದರೂ, ಬಜಾರನ್ನು ಬಜಾರಾಗಿಸುವುದು ಕೊಡುಕೊಳ್ಳುವ ಜನ ಎಂಬುದು ಆ ಚಿಂತೆಯ ಜೊತೆಗೇ ತೂಗಬೇಕಾದ ಸಂಗತಿ.

ಪ್ರವಾಸಿ ಸಂಶೋಧಕನಲ್ಲ, ಅವನಿಗೆ ಬೆರಗೇ ಸಾಕು ಎಂಬ ಆಕ್ಷೇಪ ಇಲ್ಲಿ ಏಳಬಹುದು. ಬೆರಗು ತಪ್ಪಲ್ಲ. ಆದರೆ ಬೆರಗಿನಿಂದ ಹೊರಟವನು ಗತವೈಭವ, ಪತನ, ಶತ್ರು, ನಷ್ಟಗಳ ಕುರಿತು ತೀರ್ಪುಗಳನ್ನೂ ಕಟ್ಟಿಕೊಳ್ಳುತ್ತಾನೆ, ಆ ತೀರ್ಪುಗಳು ಸಾರ್ವಜನಿಕ ಬದುಕಿಗೂ ಇಳಿಯುತ್ತವೆ. ಆದಕಾರಣ ಸ್ಮಾರಕದ ಬಳಿಯ ಫಲಕವು ಕಟ್ಟಿಸಿದ ಅರಸನ ಹೆಸರು, ಇಸವಿಗಳನ್ನು ಹೇಳಿ ಸುಮ್ಮನಾಗದೆ, ಜಗತಿಯ ಮೇಲೆ ಏನಿತ್ತು, ಶಿಖರ ಇದ್ದಾಗಿನ ರಥ ಹೇಗಿತ್ತು, ಕಾಲುವೆಯ ನೀರು ಎಲ್ಲಿಗೆ ಹರಿಯುತ್ತದೆ ಎಂಬುದನ್ನೂ ತಿಳಿಸಬೇಕು. ಅವಶೇಷದ ವೀಕ್ಷಣೆ ಇತಿಹಾಸದ ಅರಿವಾಗುವುದು, ಎದುರಿಗಿರುವುದನ್ನು ಇಡೀ ನಗರವೆಂದು ಭಾವಿಸದೆ ಅದರ ಒಂದು ಪಾಲೆಂದು ಎಣಿಸಲು ಪ್ರವಾಸಿ ಕಲಿತಾಗ ಮಾತ್ರ.