ಮನೆಮದ್ದಿನ ಅಳತೆಯೂ ಮಾರ್ಪಟ್ಟ ವಾಯುವೂ

ನಮ್ಮ ಶಾಲೆಯಲ್ಲಿ ಓದಿ ಹೋದ ಸೋದರಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ, ಕೆಲವರು ಅಜ್ಜಿಯರೂ ಆಗಿದ್ದಾರೆ. ಹಸುಗೂಸಿಗೆ ಬಜೆಯ ಬೇರನ್ನು ತೇಯುವ ಕಲ್ಲು ಅವರ ಮನೆಗಳಲ್ಲಿ ಇಂದಿಗೂ ಇರಬಹುದು. ಬೇರನ್ನು ಆ ಕಲ್ಲಿನ ಮೇಲೆ ಎಷ್ಟು ಸುತ್ತು ತೇಯಬೇಕೆಂಬುದಕ್ಕೆ ಹಿರಿಯರಲ್ಲಿ ಒಂದು ಲೆಕ್ಕವಿತ್ತು. ಕೂಸು ಬೆಳೆದಂತೆ ಸುತ್ತುಗಳೂ ಬೆಳೆಯುತ್ತಿದ್ದವು. ತಕ್ಕಡಿಯಿಲ್ಲದ ಮನೆಯಲ್ಲಿ ಆ ಸುತ್ತೇ ತಕ್ಕಡಿಯಾಗಿತ್ತು. ಕಷಾಯಕ್ಕೆ ಒಂದು ಹಿಡಿ ತುಳಸಿ, ಬೆರಳುದ್ದ ಶುಂಠಿ, ಗೇಣುದ್ದ ಅಮೃತಬಳ್ಳಿ ಎಂಬ ಮಾತುಗಳೂ ಹಾಗೆಯೇ. ಇವೆಲ್ಲವೂ ಒಂದೇ ನಂಬುಗೆಯ ಮೇಲೆ ನಿಂತಿರುವವು: ಅಜ್ಜಿಯ ಕಾಲದ ಬೇರೂ ಮೊಮ್ಮಗಳ ಕಾಲದ ಬೇರೂ ಒಂದೇ ಎಂಬುದು ಆ ನಂಬುಗೆ. ಅದನ್ನು ಈಗ ಪರೀಕ್ಷಿಸಬೇಕಾದ ಸಮಯವು ಬಂದಿದೆ ಎಂಬುದೇ ನಮ್ಮ ಅಭಿಪ್ರಾಯ.

ಯಾತಕ್ಕೆಂದರೆ, ಸಸ್ಯವು ಉಸಿರಾಡುವ ಗಾಳಿಯೇ ಮೊದಲಿನಂತಿಲ್ಲ. ಗಿಡಗಳು ತಮ್ಮ ಒಡಲನ್ನು ಕಟ್ಟಿಕೊಳ್ಳುವದು ಇಂಗಾಲಾಮ್ಲ ವಾಯುವಿನಿಂದ. ಈಗಿನ ಪಾಠಪುಸ್ತಕಗಳು ಇದನ್ನೇ ಕಾರ್ಬನ್ ಡೈಆಕ್ಸೈಡ್ ಎಂದು ಕರೆಯುತ್ತವೆ. ಉಗಿಯಂತ್ರಗಳು ಬರುವದಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲುಗಳಲ್ಲಿ ಈ ವಾಯುವು ಸುಮಾರು 280 ಪಾಲು ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿಯು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅದನ್ನು ಬಿಡದೆ ಅಳೆಯತೊಡಗಿದಾಗ ಅದು 315ರಷ್ಟಾಗಿತ್ತು. 2024ರಲ್ಲಿ 420ನ್ನು ದಾಟಿತ್ತು. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟದ್ದು, ಕಾಡುಗಳನ್ನು ಕಡಿದದ್ದು ಇದಕ್ಕೆ ಕಾರಣ. ನಮ್ಮ ಮುತ್ತಜ್ಜಿಯು ಹಿತ್ತಲಲ್ಲಿ ಕಿತ್ತ ಸೊಪ್ಪು ಬೆಳೆದ ಗಾಳಿಯು ಬೇರೆ, ನಾವು ಕೀಳುವ ಸೊಪ್ಪು ಬೆಳೆಯುವ ಗಾಳಿಯು ಬೇರೆ.

ಇದರಿಂದ ಔಷಧಕ್ಕೇನಾಯಿತು ಎಂದು ಕೆಲವರು ಕೇಳಬಹುದು. ಗಿಡದಲ್ಲಿರುವ ಮದ್ದು ನಮಗೋಸ್ಕರ ಹುಟ್ಟಿದ್ದಲ್ಲ. ಹುಳುಗಳಿಂದಲೂ ಬೂಷ್ಟಿನಿಂದಲೂ ಬಿಸಿಲಿನಿಂದಲೂ ತನ್ನನ್ನು ಕಾಪಾಡಿಕೊಳ್ಳುವದಕ್ಕೆ ಗಿಡವು ಮಾಡಿಕೊಳ್ಳುವ ಕಹಿ, ಕಟು, ಒಗರುಗಳೇ ನಮ್ಮ ಪಾಲಿಗೆ ಔಷಧಗಳು. ಗಾಳಿಯಲ್ಲಿ ಇಂಗಾಲವು ಹೆಚ್ಚಾದಾಗ ಗಿಡದ ಕೈಯಲ್ಲಿ ಸಕ್ಕರೆಯು ಹೆಚ್ಚುತ್ತದೆ. ಬೆಳವಣಿಗೆಗೆ ಬೇಕಾದುದಕ್ಕಿಂತ ಮಿಕ್ಕಿದ್ದನ್ನು ಅದು ಇಂಥ ದ್ರವ್ಯಗಳಿಗೆ ವೆಚ್ಚಮಾಡುವದುಂಟು. ಆದರೆ ನೆಲದಿಂದ ಬರುವ ಸಾರಜನಕವು ಅದೇ ಪ್ರಮಾಣದಲ್ಲಿ ಹೆಚ್ಚುವದಿಲ್ಲ. ಆದುದರಿಂದ ಇಂಗಾಲದಿಂದಲೇ ಕಟ್ಟಿದ ಒಗರು ದ್ರವ್ಯಗಳು ಏರಬೇಕು, ಸಾರಜನಕವನ್ನು ಬೇಡುವ ಆಲ್ಕಲಾಯ್ಡ್‌ಗಳು ಇಳಿಯಬೇಕು ಎಂದು 1983ರಲ್ಲಿ ವಿದ್ವಾಂಸರು ಒಂದು ಸೂತ್ರವನ್ನು ಮುಂದಿಟ್ಟರು. ಸೂತ್ರವು ಅಂದವಾಗಿಯೇ ಇದೆ. ಗಿಡಗಳು ಮಾತ್ರ ಅದನ್ನು ಪೂರ್ತಿಯಾಗಿ ಓದಿಕೊಂಡಂತೆ ಕಾಣುವದಿಲ್ಲ.

ಮಲೇಷಿಯಾ ದೇಶದ ಎರಡು ಜಾತಿಯ ಶುಂಠಿಯನ್ನು 400 ಪಾಲಿನ ಗಾಳಿಯಲ್ಲಿಯೂ 800 ಪಾಲಿನ ಗಾಳಿಯಲ್ಲಿಯೂ ಬೆಳೆಸಿ ನೋಡಿದವರು 2010ರಲ್ಲಿ ತಮ್ಮ ಫಲವನ್ನು ಪ್ರಕಟಿಸಿದರು. ಹೆಚ್ಚಿನ ವಾಯುವಿನಲ್ಲಿ ಬೆಳೆದ ಶುಂಠಿಯಲ್ಲಿ ಹಿತಕರವಾದ ಫ್ಲಾವನಾಯ್ಡ್‌ಗಳೂ ಫೀನಾಲ್‌ಗಳೂ ಹೆಚ್ಚಾಗಿದ್ದವು. ಇದು ಸೂತ್ರಕ್ಕೆ ಹೊಂದಿತು. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಲೂಯಿಸ್ ಜಿಸ್ಕಾ ಅವರೂ ಅವರ ಸಂಗಡಿಗರೂ ಹೊಗೆಸೊಪ್ಪನ್ನು ಪರೀಕ್ಷಿಸಿದಾಗ ಎಲೆಯಲ್ಲಿ ನಿಕೋಟಿನ್ ಇಳಿದಿತ್ತು, ಇದೂ ಹೊಂದಿತು. ಆದರೆ ಅವರೇ ನಮ್ಮ ಉಮ್ಮತ್ತಿಯ ಕುಲಕ್ಕೆ ಸೇರಿದ ಒಂದು ಗಿಡವನ್ನು ನೋಡಿದಾಗ, ಸಮುದ್ರಯಾನದ ವಾಂತಿಗೆ ಕೊಡುವ ಸ್ಕೊಪೋಲಮೀನ್ ಎಂಬ ಆಲ್ಕಲಾಯ್ಡು ಇಳಿಯುವ ಬದಲು ಏರಿತ್ತು. 2008ರಲ್ಲಿ ಒಂದು ಕಾಡುಜಾತಿಯ ಗಸಗಸೆಯನ್ನು 300ರಿಂದ 600 ಪಾಲಿನವರೆಗಿನ ಗಾಳಿಯಲ್ಲಿ ಬೆಳೆಸಿದಾಗ ಮಾರ್ಫೀನ್ ಮುಂತಾದವುಗಳೂ ಏರಿದವು. ಮಲೇರಿಯಾ ಜ್ವರಕ್ಕೆ ಆರ್ಟೆಮಿಸಿನಿನ್ ಎಂಬ ಮದ್ದನ್ನು ಕೊಡುವ ಚೀನಾದೇಶದ ಆರ್ಟೆಮಿಸಿಯಾ ಗಿಡದಲ್ಲಿ ಈ ವಾಯುವಿನೊಡನೆ ಮದ್ದಿನ ಅಂಶವೂ ಹೆಚ್ಚುವದೆಂದು 2015ರಲ್ಲಿ ಪ್ರಕಟವಾಯಿತು. ಈ ಮದ್ದನ್ನು ಕಂಡುಹಿಡಿದ ಶ್ರೀಮತಿ ತು ಯುಯು ಅವರಿಗೆ ನೊಬೆಲ್ ಪಾರಿತೋಷಕವು ಬಂದದ್ದೂ ಅದೇ ವರ್ಷದಲ್ಲಿ.

ಹಾಗಾದರೆ ಇದು ಶುಭವಾರ್ತೆಯಲ್ಲವೇ, ಹೊಗೆಯೇ ನಮಗೆ ಮದ್ದನ್ನು ಹೆಚ್ಚಿಸಿ ಕೊಡುತ್ತಿದೆಯಲ್ಲಾ, ಎಂದು ಹೇಳುವವರಿದ್ದಾರೆ. ನಾವು ಈ ಮಾತನ್ನು ಒಪ್ಪಲಾರೆವು. ಮದ್ದು ಅನ್ನದಂತಲ್ಲ, ಹೆಚ್ಚಾದರೆ ಒಳ್ಳೆಯದೆನ್ನುವ ನ್ಯಾಯವು ಅದಕ್ಕೆ ಸಲ್ಲದು. ಅನ್ನದ ವಿಷಯದಲ್ಲಿಯೂ ಈ ವಾಯುವು ಉದಾರಿಯಲ್ಲ: ವಾಯುವನ್ನು ಹೆಚ್ಚಿಸಿ ಬೆಳೆಸಿದ ಗೋಧಿಯಲ್ಲಿಯೂ ಅಕ್ಕಿಯಲ್ಲಿಯೂ ಸತುವೂ ಕಬ್ಬಿಣವೂ ಕಡಿಮೆಯಾಗುವವೆಂದು 2014ರಲ್ಲಿಯೇ ತೋರಿಬಂದಿದೆ.

ಅಳತೆಯ ಮಹತ್ವಕ್ಕೆ ಒಂದು ಕಥೆಯನ್ನು ಹೇಳಬೇಕು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಗೆ ಅದು ತಕ್ಕದ್ದೇ ಆಗಿದೆ. 1775ರಲ್ಲಿ ಇಂಗ್ಲೆಂಡಿನ ವೈದ್ಯರಾದ ವಿಲಿಯಂ ವಿದರಿಂಗ್ ಅವರ ಮುಂದೆ ಜಲೋದರಕ್ಕೆ ಕೊಡುವ ಒಂದು ಮನೆಮದ್ದಿನ ಪ್ರಶ್ನೆಯು ಬಂತು. ಷ್ರಾಪ್‌ಷೈರ್ ಪ್ರಾಂತದ ಒಬ್ಬ ಮುದುಕಿಯು ಅದನ್ನು ಬಹುಕಾಲ ಗುಟ್ಟಾಗಿ ಇಟ್ಟುಕೊಂಡಿದ್ದಳು. ವೈದ್ಯರು ಕೈಬಿಟ್ಟ ರೋಗಿಗಳನ್ನೂ ಕೆಲವು ಸಾರಿ ಗುಣಪಡಿಸಿದ್ದಳಂತೆ. ಇಪ್ಪತ್ತಕ್ಕೂ ಹೆಚ್ಚು ಮೂಲಿಕೆಗಳಿದ್ದ ಆ ಯೋಗದಲ್ಲಿ ಕೆಲಸ ಮಾಡುವದು ಫಾಕ್ಸ್‌ಗ್ಲವ್ ಎಂಬ ಒಂದೇ ಗಿಡವೆಂದು ವಿದರಿಂಗ್ ಗುರುತಿಸಿದರು. ಗುರುತಿಸಿದ್ದು ಸುಲಭವಾಯಿತು, ಎಷ್ಟು ಕೊಡಬೇಕೆಂಬುದನ್ನು ತಿಳಿಯುವದಕ್ಕೆ ಹತ್ತು ವರ್ಷಗಳು ಹಿಡಿದವು. ಸ್ವಲ್ಪ ಹೆಚ್ಚಾದರೆ ವಾಂತಿ, ಕಣ್ಣಿಗೆ ವಸ್ತುಗಳು ಹಳದಿ ಹಸುರಾಗಿ ಕಾಣುವದು, ನಾಡಿಯು ಕುಗ್ಗುವದು, ಕಡೆಗೆ ಮರಣ. ಎಲೆಯ ಶಕ್ತಿಯು ಋತುವಿನಿಂದ ಋತುವಿಗೆ ಬೇರೆಯಾಗುವದನ್ನು ಕಂಡು, ಗಿಡವು ಹೂಬಿಡುವ ಕಾಲದಲ್ಲಿಯೇ ಎಲೆಯನ್ನು ಕೊಯ್ಯಬೇಕೆಂದು ಅವರು ನಿಯಮ ಮಾಡಿ, 1785ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಆ ಗಿಡದ ಒಡಹುಟ್ಟಾದ ಇನ್ನೊಂದು ಜಾತಿಯಿಂದ 1930ರಲ್ಲಿ ಡಿಗಾಕ್ಸಿನ್ ಎಂಬ ಹೃದಯೌಷಧವು ದೊರಕಿತು. ಇಂಗಾಲಾಮ್ಲವು ಹೆಚ್ಚಾದ ಗಾಳಿಯಲ್ಲಿ ಬೆಳೆದಾಗ ಆ ಜಾತಿಯಲ್ಲಿ ಡಿಗಾಕ್ಸಿನ್ ಹೆಚ್ಚುವದೆಂದು 1987ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದರು.

ಡಿಗಾಕ್ಸಿನ್ ಗುಳಿಗೆಯನ್ನು ಸೇವಿಸುವ ಹೃದ್ರೋಗಿಯು ಇದಕ್ಕೆ ಹೆದರಬೇಕಾದ್ದಿಲ್ಲ. ಕಾರ್ಖಾನೆಯಲ್ಲಿ ಎಲೆಯಿಂದ ಮದ್ದನ್ನು ಬೇರ್ಪಡಿಸಿ, ಶೋಧಿಸಿ, ತೂಗಿ ಗುಳಿಗೆ ಮಾಡುತ್ತಾರೆ. ಎಲೆಯಲ್ಲಿ ಎಷ್ಟು ಹೆಚ್ಚಿದರೂ ಗುಳಿಗೆಯಲ್ಲಿ ಹೆಚ್ಚುವದಿಲ್ಲ. ಈ ಭದ್ರತೆಯು ಇಲ್ಲದಿರುವದು ಎಲ್ಲಿ? ಸೊಪ್ಪನ್ನು ಹಿಡಿಯಲ್ಲಿ ಅಳೆದು ಕುದಿಸುವ ಮನೆಯಲ್ಲಿ, ಊರಿನ ನಾಟಿವೈದ್ಯರ ಜೋಳಿಗೆಯಲ್ಲಿ, ಆಸ್ಪತ್ರೆಯು ಹತ್ತಾರು ಮೈಲಿ ದೂರವಿರುವ ಹಳ್ಳಿಯಲ್ಲಿ. ಗಾಳಿಯನ್ನು ಕೆಡಿಸಿದ್ದರಲ್ಲಿ ಅತ್ಯಂತ ಕಡಿಮೆ ಪಾಲಿದ್ದ ಬಡಹೆಂಗಸರ ಅಂಗೈಯೇ ಇಲ್ಲಿ ತಕ್ಕಡಿಯಾಗಿರುವದು. ಆರ್ಟೆಮಿಸಿಯಾ ಎಲೆಯ ಕಷಾಯವನ್ನು ಮಲೇರಿಯಾಕ್ಕೆ ಕುಡಿಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2012ರಲ್ಲಿ ಹೇಳಿದ್ದಕ್ಕೂ ಎಲೆಯಿಂದ ಎಲೆಗೆ ಮದ್ದಿನ ಪ್ರಮಾಣವು ಬೇರೆಯಾಗುವದೇ ಒಂದು ಮುಖ್ಯ ಕಾರಣ.

ನಮ್ಮ ಬಜೆಗೇ ಹಿಂತಿರುಗೋಣ. ಅದರ ಎಣ್ಣೆಯಲ್ಲಿ ಬೀಟಾ ಅಸರೋನ್ ಎಂಬ ದ್ರವ್ಯವಿದೆ. ಇಲಿಗಳಲ್ಲಿ ಅದು ಗಡ್ಡೆಗಳನ್ನು ಹುಟ್ಟಿಸಿದ್ದರಿಂದ 1968ರಲ್ಲಿ ಅಮೆರಿಕ ದೇಶವು ಬಜೆಯನ್ನು ಆಹಾರದಲ್ಲಿ ಬೆರೆಸುವದನ್ನು ನಿಷೇಧಿಸಿತು. ಭಾರತದ ಬಜೆಯಲ್ಲಿ ಈ ದ್ರವ್ಯವು ಹೇರಳವಾಗಿದೆ. ಉತ್ತರ ಅಮೆರಿಕದ ಸ್ಥಳೀಯ ಬಜೆಯಲ್ಲಿ ಇಲ್ಲವೇ ಇಲ್ಲ. ಹೆಸರು ಒಂದೇ, ವಾಸನೆಯೂ ಹೆಚ್ಚುಕಡಿಮೆ ಒಂದೇ, ಒಳಗಿನ ವಸ್ತುವು ಮಾತ್ರ ಬೇರೆ. ಆದುದರಿಂದ ಸುತ್ತಿನ ಲೆಕ್ಕವನ್ನು ನೆಚ್ಚಿ, ವೈದ್ಯರನ್ನು ಕೇಳದೆ, ಹಸುಗೂಸಿನ ನಾಲಗೆಗೆ ಅದನ್ನು ಸವರುವದು ಸರಿಯಲ್ಲವೆಂದು ನಾವು ನಿಷ್ಠುರವಾಗಿಯೇ ಹೇಳುತ್ತೇವೆ. ಹಿರಿಯರು ಮುನಿಯಬಾರದು. ಅವರ ಲೆಕ್ಕವು ಸುಳ್ಳೆಂದು ನಾವು ಹೇಳುತ್ತಿಲ್ಲ. ಲೆಕ್ಕಕ್ಕೆ ಸಿಕ್ಕಿದ ಬೇರು ಬದಲಾಗಬಲ್ಲದೆಂದು ಹೇಳುತ್ತಿದ್ದೇವೆ.

ಮನೆಮದ್ದನ್ನೆಲ್ಲಾ ತಿಪ್ಪೆಗೆ ಎಸೆಯಿರೆಂಬುದೂ ನಮ್ಮ ಮಾತಲ್ಲ. ಷ್ರಾಪ್‌ಷೈರಿನ ಮುದುಕಿಯಿಲ್ಲದಿದ್ದರೆ ವಿದರಿಂಗ್ ಎಲ್ಲಿರುತ್ತಿದ್ದರು? ನಮಗೆ ಬೇಕಾದದ್ದು ಮುದುಕಿಯೂ ಹೌದು, ತೂಗುವವರೂ ಹೌದು. ಇಬ್ಬರೂ ಒಬ್ಬಳೇ ಆದರೆ ಮತ್ತಷ್ಟು ಒಳ್ಳೆಯದು. 1944ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದಿಂದ ವಿಜ್ಞಾನದ ಡಾಕ್ಟರ್ ಪದವಿಯನ್ನು ಪಡೆದ ಅಸೀಮಾ ಚಟರ್ಜಿಯವರು ತಮ್ಮ ಆಯುಷ್ಯವನ್ನು ಈ ದೇಶದ ಔಷಧಿಸಸ್ಯಗಳ ರಸಾಯನಕ್ಕೆ ಮುಡಿಪಾಗಿಟ್ಟರು. ಅಂಥ ವಿದ್ಯೆಗೆ ನಮ್ಮ ಹುಡುಗಿಯರನ್ನು ಕಳುಹಿಸಿರೆಂದು ಮಾತಾಪಿತೃಗಳನ್ನು ಬೇಡುತ್ತೇವೆ. ರಸಾಯನಶಾಸ್ತ್ರವನ್ನು ಓದಿದರೆ ಹುಡುಗಿಗೆ ಏನು ಪ್ರಯೋಜನವೆಂದು ಈಗಲೂ ಕೇಳುವ ತಂದೆಯರಿದ್ದಾರೆ. ಅವರ ಮನೆಯ ಕಷಾಯದ ಪಾತ್ರೆಯೇ ಅವರಿಗೆ ಉತ್ತರ ಹೇಳಲಿ.

ಶಾಲೆಯಲ್ಲಿಯೂ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ತೋಟದ ಒಂದು ಮೂಲೆಯಲ್ಲಿ ತುಳಸಿ, ದೊಡ್ಡಪತ್ರೆ, ಒಂದೆಲಗ, ನೆಲಬೇವುಗಳನ್ನು ನೆಟ್ಟು, ಪ್ರತಿ ವರುಷ ಒಂದೇ ತಿಂಗಳಲ್ಲಿ ಕೊಯ್ದು, ನೆರಳಲ್ಲಿ ಒಣಗಿಸಿ, ತೂಗಿ, ದಿನಾಂಕವನ್ನು ಬರೆದು, ಕಾಗದದ ಹಾಳೆಗಳ ನಡುವೆ ಜೋಪಾನವಾಗಿ ಇಡತಕ್ಕದ್ದು. ಚೀನಾದ ಆ ಪರೀಕ್ಷೆಯಲ್ಲಿ ವಿಜ್ಞಾನಿಗಳಿಗೆ ಹಿಂದಿನ ಕಾಲದ ಸಾಕ್ಷಿಯಾಗಿ ಒದಗಿದ್ದು ಹೀಗೆ ಯಾರೋ ಒಣಗಿಸಿ ಅಂಟಿಸಿಟ್ಟಿದ್ದ ಹಳೆಯ ಗಿಡಗಳೇ. ಖರ್ಚು ಬಹಳವಿಲ್ಲ, ಒಂದು ಒಳ್ಳೆಯ ತಕ್ಕಡಿ, ಒಂದು ಬೀರು, ಬೀಗದ ಕೈಯನ್ನು ಕಳೆಯದ ಒಬ್ಬ ಉಪಾಧ್ಯಾಯಿನಿ. ತಕ್ಕಡಿಯನ್ನು ಕೊಡಿಸುವ ಹಳೆಯ ವಿದ್ಯಾರ್ಥಿನಿಯರು ಯಾರಾದರೂ ಇದ್ದರೆ ಮುಖ್ಯೋಪಾಧ್ಯಾಯಿನಿಯವರಿಗೆ ಒಂದು ಕಾಗದ ಬರೆಯಲಿ. ಮಳೆ ಹಿಡಿಯುವದರೊಳಗೆ ಬಂದರೆ ಈ ವರುಷದ ಕೊಯ್ಲಿಗೇ ಆದೀತು.