‘ಹೂಂ’ ಅನ್ನದ ಕೆಲಸ ಯಾರದು?

ಪ್ರಶ್ನೆ: ಪ್ರಾಜೆಕ್ಟ್ ಸಾಫ್ಟ್‌ವೇರ್‌ನಲ್ಲಿ ನಮ್ಮ ಹೆಸರಿಗೆ ಬಿದ್ದ ಕೆಲಸ, ನಾವು ‘ಒಪ್ಪಿದೆ’ ಎಂದು ಒತ್ತಿದ ಮೇಲೆಯೇ ನಮ್ಮದಾಗಬೇಕೆ?

ದ್ರಾಕ್ಷಿ ಚಪ್ಪರಗಳಿದ್ದ ಬಾಗಲೂರಿನ ಸೀಮೆಯಲ್ಲಿ ಈಗ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಅತ್ತ ದೇವನಹಳ್ಳಿ ಕಡೆಯ ಏರೋಸ್ಪೇಸ್ ಪಾರ್ಕಿನಲ್ಲಿ ಬೋಯಿಂಗ್‌ನ 43 ಎಕರೆ ಕ್ಯಾಂಪಸ್ 2024ರ ಜನವರಿಯಲ್ಲಿ ಶುರುವಾಯಿತು. ಇತ್ತ ಹೆಬ್ಬಾಳದ ದಿಕ್ಕಿನಲ್ಲಿ ಟೆಕ್ ಪಾರ್ಕುಗಳು. ಬೆಳಿಗ್ಗೆ ಇಲ್ಲಿಂದ ಹೊರಡುವ ಕ್ಯಾಬುಗಳಲ್ಲಿ ಕೂತವರು ಮೊದಲು ತೆರೆಯುವುದು ಪ್ರಾಜೆಕ್ಟ್ ಸಾಫ್ಟ್‌ವೇರ್ ಜಿರಾದ ಬೋರ್ಡು: ರಾತ್ರಿ ನನ್ನ ತಲೆಗೆ ಏನು ಕಟ್ಟಿದ್ದಾರೆ? ಜಿರಾದಲ್ಲಿ ಟಿಕೆಟ್‌ಗೆ (ಒಂದು ಕೆಲಸದ ಚೀಟಿಗೆ) ಯಾರದಾದರೂ ಹೆಸರು ಹಾಕಿದರೆ ಅವರಿಗೊಂದು ಮೇಲ್ ಹೋಗುತ್ತದೆ, ಅಷ್ಟೇ. ಒಪ್ಪಿಗೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕೇ ಬೇಡವೇ? ಒಂದೇ ಕ್ಯಾಬಿನಲ್ಲಿ ಓಡಾಡುವ ಇಬ್ಬರ ವಾದ ಇಲ್ಲಿದೆ.

ಪರ: ಮೌನ ಸಮ್ಮತಿಯಲ್ಲ
(ಟೀಮ್ ಲೀಡ್)

ಗೌರಿ ಹಬ್ಬದ ಮುನ್ನಾದಿನ ಸಂಜೆ ನಮ್ಮ ತಂಡದ ಹುಡುಗಿಯೊಬ್ಬಳ ಹೆಸರಿಗೆ ಟಿಕೆಟ್ ಹಾಕಿದೆ. ಬೋರ್ಡಿನಲ್ಲಿ ಅವಳ ಗುಂಡು ಫೋಟೊ ಬಂದು ಕೂತಿತು, ನನ್ನ ತಲೆಭಾರ ಇಳಿಯಿತು. ಅವಳು ಆಗಲೇ ಶಿವಮೊಗ್ಗದ ಬಸ್ಸು ಹತ್ತಿದ್ದಳು. ನಾಲ್ಕು ದಿನ ಎಲ್ಲರೂ ‘ಅವಳು ನೋಡ್ತಿದ್ದಾಳೆ’ ಅಂದುಕೊಂಡೆವು. ಅವಳಿಗೆ ಟಿಕೆಟ್ ಬಂದದ್ದೇ ಗೊತ್ತಿರಲಿಲ್ಲ. ‘ಕಳಿಸಿದ್ದೆ’ ಎಂಬ ನನ್ನ ಮಾತೂ ಸುಳ್ಳಲ್ಲ, ‘ನೋಡಿಲ್ಲ’ ಎಂಬ ಅವಳ ಮಾತೂ ಸುಳ್ಳಲ್ಲ. ನಡುವೆ ಒಂದು ‘ಹೂಂ’ ಇರಲಿಲ್ಲ.

ನಮ್ಮ ತಾರಸಿಯ ಮೇಲೆ ಹಾರುವ ವಿಮಾನಗಳನ್ನೇ ನೋಡಿ. ಇಷ್ಟು ಎತ್ತರಕ್ಕೆ ಇಳಿಯಿರಿ ಎಂದು ಏರ್ ಟ್ರಾಫಿಕ್ ಕಂಟ್ರೋಲ್‌ನವರು ಹೇಳಿದರೆ, ಪೈಲಟ್ ಅದೇ ಅಂಕಿಯನ್ನು ತಿರುಗಿ ಒಪ್ಪಿಸಬೇಕು. ಅಲ್ಲಿಯವರೆಗೆ ಮಾತು ಮುಟ್ಟಿತೆಂದು ಲೆಕ್ಕವಿಲ್ಲ. ಅವರ ಭಾಷೆಯಲ್ಲಿ ‘ರೋಜರ್’ ಅಂದರೆ ಕೇಳಿಸಿತು ಎಂದಷ್ಟೇ. ‘ವಿಲ್ಕೊ’ ಅಂದರೆ ಕೇಳಿಸಿತು, ಹಾಗೇ ಮಾಡುತ್ತೇನೆ. ನಮ್ಮ ಬೋರ್ಡುಗಳಲ್ಲಿ ರೋಜರ್‌ಗೂ ಜಾಗವಿಲ್ಲ.

ಇದು ಹೊಸ ಬೇಡಿಕೆಯೇನಲ್ಲ. ಹಳೆಯ ಔಟ್‌ಲುಕ್‌ನಲ್ಲಿ ಒಬ್ಬರಿಗೆ ಕೆಲಸ ಕಳಿಸಿದರೆ ‘ಆಕ್ಸೆಪ್ಟ್’, ‘ಡಿಕ್ಲೈನ್’ ಎಂಬ ಎರಡು ಗುಂಡಿಗಳ ಜೊತೆಗೇ ಅದು ಹೋಗುತ್ತಿತ್ತು. ಒಪ್ಪಿದರೆ ಯಜಮಾನಿಕೆ ಅವರದು. ಕಳಿಸಿದವರ ಬಳಿ ಉಳಿಯುವ ಪ್ರತಿಯಲ್ಲಿ ಸ್ಟೇಟಸ್ ತಾನಾಗಿ ಬದಲಾಗುತ್ತಿತ್ತು. ಸಾಫ್ಟ್‌ವೇರ್ ದೋಷಗಳ (ಬಗ್) ಲೆಕ್ಕವಿಡಲು 1998ರಲ್ಲಿ ಬಂದ ಬಗ್‌ಜಿಲ್ಲಾದಲ್ಲೂ ಹೆಸರು ಬಿದ್ದ ಮಾತ್ರಕ್ಕೆ ಬಗ್ ‘ನ್ಯೂ’ ಸ್ಥಿತಿ ಬಿಡುತ್ತಿರಲಿಲ್ಲ. ಹೊತ್ತವರು ‘ಆಕ್ಸೆಪ್ಟ್ ಬಗ್’ ಆರಿಸಿದ ಮೇಲೆ ‘ಅಸೈನ್ಡ್’ ಆಗುತ್ತಿತ್ತು. ಹೆಸರು ಬರೆಯುವುದು ಬೇರೆ, ಹೊರುವುದು ಬೇರೆ ಎಂದು ಆ ಕಾಲದವರಿಗೆ ತಿಳಿದಿತ್ತು.

ನಮ್ಮವರಿಗಂತೂ ಅದಕ್ಕಿಂತ ಎಷ್ಟೋ ಮೊದಲೇ ತಿಳಿದಿತ್ತು. ವೀರ ರಣವೀಳ್ಯ ಹಿಡಿದೇ ಯುದ್ಧಕ್ಕೆ ಹೊರಡುತ್ತಿದ್ದ. ಇಂದಿಗೂ ತಾಂಬೂಲ ಬದಲಾಯಿಸುವವರೆಗೆ ಮದುವೆ ಮಾತು ಬರೀ ಮಾತು. ಸರ್ಕಾರವೂ 2012ರಲ್ಲಿ ‘ಸಕಾಲ’ ತಂದಾಗ ಅರ್ಜಿದಾರನ ಕೈಗೆ 15 ಅಂಕಿಗಳ ಸಂಖ್ಯೆಯಿದ್ದ ಸ್ವೀಕೃತಿ ಚೀಟಿ ಕೊಟ್ಟಿತು. ಗಡುವು ಎಣಿಸುವುದು ಆ ಚೀಟಿಯಿಂದ. ನಾಡಕಚೇರಿಗೆ ಸಾಧ್ಯವಾದದ್ದು ಐಟಿ ಕಂಪನಿಗೆ ಕಷ್ಟವೇ?

ಒಪ್ಪಿಗೆಯ ಗುಂಡಿ ಇದ್ದರೆ ಒಪ್ಪದ ಟಿಕೆಟ್‌ಗಳು ಬೋರ್ಡಿನಲ್ಲಿ ಬೇರೆಯೇ ಕಾಣುತ್ತವೆ. ಮರುದಿನ ಬೆಳಿಗ್ಗೆ ನಾನು ಕೇಳಬೇಕಾದ್ದು ಅವುಗಳ ಬಗ್ಗೆ ಮಾತ್ರ. ಈಗ ನಲವತ್ತು ಟಿಕೆಟ್‌ಗೂ ‘ಏನಾಯ್ತು, ಏನಾಯ್ತು’ ಎಂದು ಹಿಂದೆ ಬೀಳಬೇಕು.

ವಿರೋಧ: ‘ಆಗಲ್ಲ’ ಅನ್ನಲಾಗದವರ ‘ಹೂಂ’ಗೆ ಬೆಲೆಯೆಷ್ಟು?
(ಡೆವಲಪರ್)

ಹಿಂದೆ ನಾನಿದ್ದ ಕಂಪನಿಯೊಂದರಲ್ಲಿ ಈ ಗುಂಡಿ ಇತ್ತು. 24 ಗಂಟೆಯೊಳಗೆ ಒತ್ತದಿದ್ದರೆ ಮ್ಯಾನೇಜರ್‌ಗೆ ಮೇಲ್. ಒಂದು ಬೆಳಿಗ್ಗೆ ಬಾಗಲೂರು ಕ್ರಾಸ್‌ನ ಫ್ಲೈಓವರ್ ಕೆಳಗೆ ಕ್ಯಾಬ್ ನಿಂತಿದ್ದಾಗ ಹನ್ನೊಂದು ಟಿಕೆಟ್ ಒಪ್ಪಿಕೊಂಡೆ. ಹೆಬ್ಬೆರಳು ಗುಂಡಿಯ ಜಾಗ ಬಿಟ್ಟು ಕದಲಲಿಲ್ಲ. ಅವುಗಳಲ್ಲಿ ಏನಿತ್ತೆಂದು ನೋಡಿದ್ದು ಆಫೀಸಿನಲ್ಲಿ ಕಾಫಿ ಆದಮೇಲೆ. ಮೂರು ಟಿಕೆಟ್ ನನಗೆ ಸಂಬಂಧವೇ ಇಲ್ಲದವು. ವರದಿಯಲ್ಲಿ ಮಾತ್ರ ‘ಒಪ್ಪಿಗೆ: ನೂರಕ್ಕೆ ನೂರು’.

ಲೀಡ್ ಹೇಳಿದ ಪೈಲಟ್ ಗುಂಡಿ ಒತ್ತುವುದಿಲ್ಲ, ಅಂಕಿಯನ್ನು ಬಾಯಿಬಿಟ್ಟು ಹೇಳುತ್ತಾನೆ. ತಪ್ಪು ಕೇಳಿಸಿಕೊಂಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನೊಂದನ್ನು ಲೀಡ್ ಹೇಳಲಿಲ್ಲ: ಪೈಲಟ್‌ಗೆ ‘ಅನೇಬಲ್’ ಎಂಬ ಪದವೂ ಇದೆ. ನನ್ನಿಂದಾಗದು ಎಂದರ್ಥ. ಹಾಗೆ ಹೇಳಿದರೆ ಕಂಟ್ರೋಲ್‌ನವರು ಬೇರೆ ದಾರಿ ಹುಡುಕುತ್ತಾರೆ, ಅವನನ್ನು ಅಪ್ರೈಸಲ್‌ಗೆ ಕೂರಿಸುವುದಿಲ್ಲ. ನಮ್ಮಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗ ‘ಡಿಕ್ಲೈನ್’ ಒತ್ತಿ ನೋಡಲಿ! ಗುಂಡಿ ಎರಡಿದ್ದರೂ ಒತ್ತಲು ಸಿಗುವುದು ಒಂದೇ. ನಾಳೆ ಕೆಲಸ ತಡವಾದರೆ ‘ನೀನೇ ಒಪ್ಪಿದ್ದೆಯಲ್ಲ’ ಎಂಬ ಸಾಕ್ಷಿ ಬೇರೆ. ರಣವೀಳ್ಯ ಬೇಡ ಎಂದ ವೀರನ ಕತೆಯನ್ನು ನಾನಂತೂ ಕೇಳಿಲ್ಲ.

ಬಗ್‌ಜಿಲ್ಲಾದ ಮುಂದಿನ ಕತೆಯೂ ಇದೆ. 2011ರ 4.0 ಆವೃತ್ತಿಯಲ್ಲಿ ಅವರು ಮೂಲ ಕ್ರಮವನ್ನೇ ಬದಲಿಸಿದರು. ‘ನ್ಯೂ’, ‘ಅಸೈನ್ಡ್’ ಹೋಗಿ ‘ಕನ್ಫರ್ಮ್ಡ್’, ‘ಇನ್ ಪ್ರೋಗ್ರೆಸ್’ ಬಂದವು. ಬಗ್ ನಿಜವೇ, ಅದರ ಕೆಲಸ ನಡೆಯುತ್ತಿದೆಯೇ ಎಂಬುದಷ್ಟೇ ಈಗ ಅಲ್ಲಿನ ಪ್ರಶ್ನೆ.

ಒಪ್ಪಿಗೆ ಬೇಕಾದರೆ ಕೆಲಸ ಹಂಚುವ ರೀತಿಯಲ್ಲೇ ಅದನ್ನಿಡಬಹುದು. ಟೊಯೋಟಾದಲ್ಲಿ ಹುಟ್ಟಿದ ಕಾನ್‌ಬಾನ್‌ನಲ್ಲಿ ಮೇಲಿನವರು ಕೆಲಸ ತಳ್ಳುವುದಿಲ್ಲ, ಕೈ ಖಾಲಿಯಾದವರು ಮುಂದಿನ ಚೀಟಿ ಎಳೆದುಕೊಳ್ಳುತ್ತಾರೆ. ನಮ್ಮ ಬೋರ್ಡುಗಳು ಆ ವಿಧಾನದಿಂದಲೇ ಬಂದವು. ಕಾಲಮ್‌ಗಳನ್ನು ಉಳಿಸಿಕೊಂಡೆವು, ಎಳೆದುಕೊಳ್ಳುವ ಹಕ್ಕನ್ನು ಬಿಟ್ಟೆವು. ಒಬ್ಬರ ಕೈಯಲ್ಲಿ ಮೂರಕ್ಕಿಂತ ಹೆಚ್ಚು ಬೇಡವೆಂದು ಮಿತಿ ಹಾಕಿ, ಸಾಲಿನಿಂದ ನಾನೇ ಎತ್ತಿಕೊಳ್ಳಲಿ. ಎತ್ತಿಕೊಂಡದ್ದೇ ಒಪ್ಪಿಗೆ.

ಸ್ಟೇಟಸ್‌ನದೂ ಇದೇ ಪಾಡು. ಹತ್ತು ಗಂಟೆಗೆ ಸ್ಟ್ಯಾಂಡಪ್ ಮೀಟಿಂಗ್ ಇದ್ದರೆ ಒಂಬತ್ತು ಐವತ್ತೈದಕ್ಕೆ ಬೋರ್ಡಿನ ತುಂಬ ಕಾರ್ಡುಗಳು ಓಡಾಡುತ್ತವೆ. ದಿನವಿಡೀ ಕೆಲಸ ಮಾಡಿದವನೂ ಮಾಡದವನೂ ಆ ಐದು ನಿಮಿಷದಲ್ಲಿ ಸಮಾನರು. ಅದರ ಮೇಲೆ ಇನ್ನೊಂದು ಗುಂಡಿ ಹೇರುವ ಬದಲು, ಕೋಡ್‌ನ ಬ್ರಾಂಚ್ ತೆರೆದಾಗ ಟಿಕೆಟ್ ತಾನೇ ‘ಇನ್ ಪ್ರೋಗ್ರೆಸ್’ಗೆ, ಮರ್ಜ್ ಆದಾಗ ತಾನೇ ‘ಡನ್’ಗೆ ಸರಿಯುವಂತೆ ಮಾಡಿ. ಜಿರಾದಲ್ಲಿ ಆ ಸೌಲಭ್ಯ ಇದ್ದೇ ಇದೆ.

ಸಕಾಲದ ಚೀಟಿ ಸರಿ. ಆದರೆ ಅಲ್ಲಿ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೊಡಬೇಕೆಂಬ ಕಾನೂನು ಚೀಟಿಯ ಬೆನ್ನಿಗಿದೆ. ಅದು ಅಧಿಕಾರವಿದ್ದವರನ್ನು ಕಟ್ಟಿಹಾಕುವ ಚೀಟಿ. ಲೀಡ್ ಕೇಳುತ್ತಿರುವ ಗುಂಡಿ ಕಟ್ಟಿಹಾಕುವುದು ಕೆಳಗಿರುವವರನ್ನು.

ಗೌರಿ ಹಬ್ಬದ ಆ ಸಂಜೆ ಲೀಡ್ ಒಂದು ಫೋನು ಮಾಡಿದ್ದರೆ ಆ ಹುಡುಗಿ, ‘ಬಸ್ಸಲ್ಲಿದೀನಿ, ಹಬ್ಬ ಮುಗಿಸ್ಕೊಂಡು ಬಂದು ಮಾಡ್ಲಾ? ಅರ್ಜೆಂಟ್ ಇದ್ರೆ ಬೇರೆಯವರಿಗೆ ಕೊಡಿ’ ಅನ್ನುತ್ತಿದ್ದಳು. ಆ ಉತ್ತರ ಆಕ್ಸೆಪ್ಟೋ, ಡಿಕ್ಲೈನೋ?